ಸೈಟ್ ಕೊಳ್ಳೋದಾ, ಜಂಟಿ ಅಭಿವೃದ್ಧಿಯಾ?

ಬೆಂಗಳೂರಿನಲ್ಲಿ ನಾಲ್ಕಾರು ಫ್ಲ್ಯಾಟ್ ಕಟ್ಟಿ ಮಾರಬೇಕು ಅಂತಿದ್ದೀರಾ? ಸೈಟ್ ನೀವೇ ಕೊಂಡರೆ ತೀರ್ಮಾನ ನಿಮ್ಮದು, ಲಾಭವೂ ನಿಮ್ಮದು. ಆದರೆ ಹಣ ಬಹುಪಾಲು ಜಾಗಕ್ಕೇ ಹೋಗುತ್ತದೆ.

ಜಂಟಿ ಅಭಿವೃದ್ಧಿಯಲ್ಲಿ ಜಾಗ ಮಾಲೀಕರದು, ಕಟ್ಟುವ ಖರ್ಚು ನಿಮ್ಮದು, ಫ್ಲ್ಯಾಟ್ ಇಬ್ಬರಿಗೂ. ಹಣ ಕಡಿಮೆ ಸಾಕು, ತಾಳ್ಮೆ ಜಾಸ್ತಿ ಬೇಕು. ಪಿತ್ರಾರ್ಜಿತ ಜಾಗವಾದರೆ ಮನೆಯ ಹೆಣ್ಣುಮಕ್ಕಳ ಸಹಿಯೂ ಇದೆಯಾ ನೋಡಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಅವರಿಗೂ ಸಮಪಾಲು ಕೊಟ್ಟಿದೆ. ಯಾವ ಮಹಡಿ ಯಾರಿಗೆ, ಕೆಲಸ ತಡವಾದರೆ ಮಾಲೀಕರು ಅಲ್ಲಿಯವರೆಗೆ ಇರುವ ಮನೆಯ ಬಾಡಿಗೆ ಯಾರು ಕಟ್ಟಬೇಕು, ಎಲ್ಲ ಬರೆದು ನೋಂದಾಯಿಸಿ. ಬಾಯಿಮಾತು ಬೇಡವೇ ಬೇಡ.

ಜಾಗ 500 ಚದರ ಮೀಟರ್, ಫ್ಲ್ಯಾಟ್ 8 ಮೀರದಿದ್ದರೆ ಎರಡು ದಾರಿಯಲ್ಲೂ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಬೇಕಿಲ್ಲ.

ಮೊದಲ ಸಲಕ್ಕೆ ನನ್ನ ಒಲವು ಜಂಟಿ ಕಡೆಗೆ, ಜಾಗದ ಮಾಲೀಕರು ಒಬ್ಬರೇ ಇದ್ದರೆ ಮಾತ್ರ.