ಹಕ್ಕಿಗಳಿಗೆಂದು ಕೊಂಡ ಎರಡು ವಸ್ತುಗಳು: ಒಂದು ವರ್ಷದ ಬಳಕೆಯ ನಂತರ

ಕಳೆದ ವರ್ಷ ಶಿವರಾತ್ರಿ ಮುಗಿದ ವಾರ, ಶಿವಮೊಗ್ಗದ ವಿನೋಬನಗರದಲ್ಲಿರುವ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಹಕ್ಕಿಗಳಿಗೆ ಕಾಳು, ನೀರು ಇಡುವುದಕ್ಕೆಂದು ಎರಡು ವಸ್ತುಗಳನ್ನು ಕೊಂಡೆ. ಒಂದು, ಗಾಂಧಿ ಬಜಾರಿನ ಕಡೆ ಮಡಕೆ ಮಾರುವವರ ಬಳಿ 150 ರೂಪಾಯಿಗೆ ಸಿಕ್ಕ, ಸುಮಾರು 12 ಅಂಗುಲ ಅಗಲದ ಮಣ್ಣಿನ ತಟ್ಟೆ. ಇನ್ನೊಂದು, ಆನ್‌ಲೈನಿನಲ್ಲಿ 549 ರೂಪಾಯಿ ಕೊಟ್ಟು ತರಿಸಿದ, ನೇತುಹಾಕುವ ಪ್ಲಾಸ್ಟಿಕ್ ಕಾಳಿನ ಕೊಳವೆ. ಅದರೊಂದಿಗೆ ಒಂದು ಕಿಲೋ ಮಿಶ್ರಧಾನ್ಯ ಉಚಿತವಾಗಿ ಬಂದಿತ್ತು. ತಟ್ಟೆ ಇಂದಿಗೂ ತಾರಸಿಯಲ್ಲಿದೆ. ಕೊಳವೆ ಅಟ್ಟ ಸೇರಿದೆ.

ತಟ್ಟೆಯ ಒಳಮೈಗೆ ಹೊಳಪಿನ ಲೇಪವಿಲ್ಲ. ಕೊಳ್ಳುವಾಗ ಇದು ಒರಟು ಕೆಲಸ ಎನಿಸಿತ್ತು; ಆದರೆ ಹಕ್ಕಿಯ ಕಾಲಿಗೆ ಹಿಡಿತ ಸಿಗುವುದು ಆ ಒರಟುತನದಿಂದಲೇ, ಹೊರಗೆ 37 ಡಿಗ್ರಿ ಬಿಸಿಲಿದ್ದರೂ ನೀರು ತಣ್ಣಗಿರುವುದು ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಂಡು ಹೋಗುವುದರಿಂದ. ಮೊದಲ ದಿನ ತಟ್ಟೆಯ ಕೆಳಗೆ ಒದ್ದೆ ಕಂಡು ಬಿರುಕು ಬಿಟ್ಟಿದೆಯೆಂದು ಭಾವಿಸಿ ಅಂಗಡಿಗೆ ಹೊತ್ತೊಯ್ದೆ. ಅಲ್ಲಿದ್ದ ಹೆಂಗಸು ಬೆರಳಲ್ಲಿ ಕುಟ್ಟಿ ಸದ್ದು ಕೇಳಿ, "ಒಡಕಿಲ್ಲ ಅಕ್ಕಾ, ಎರಡು ದಿನ ನೀರಲ್ಲಿ ಮುಳುಗಿಸಿಡಿ, ಜಿನುಗೋದು ತಾನೇ ಕಡಿಮೆ ಆಗುತ್ತೆ" ಎಂದು ವಾಪಸು ಕಳಿಸಿದರು. ಹಾಗೆಯೇ ಆಯಿತು.

ನಿಜವಾದ ಕೊರತೆ ಅದರ ಆಳದಲ್ಲಿತ್ತು. ನಡುವೆ ಮೂರು ಅಂಗುಲ ಇಳಿಯುವ ತಟ್ಟೆಯಲ್ಲಿ ಗುಬ್ಬಿಯಂಥ ಸಣ್ಣ ಹಕ್ಕಿ ಸ್ನಾನ ಮಾಡಲಾರದು. ಅಂಚಿನಲ್ಲಿ ಕುಳಿತು ಒಂದು ಗುಟುಕು ಕುಡಿದು ಹೋಗುತ್ತದೆ, ಅಷ್ಟೆ. ತುಂಗಾ ನದಿಯ ದಡದಿಂದ ತಂದ ನಾಲ್ಕೈದು ಚಪ್ಪಟೆ ಕಲ್ಲುಗಳನ್ನು ಒಳಗೆ ಜೋಡಿಸಿ, ಅವುಗಳ ಮೇಲೆ ಒಂದು ಅಂಗುಲಕ್ಕಿಂತ ಹೆಚ್ಚು ನೀರು ನಿಲ್ಲದಂತೆ ಮಾಡಿದ ಮೇಲೆ ಚಿತ್ರವೇ ಬದಲಾಯಿತು. ಮೂರನೆಯ ದಿನ ಬೆಳಿಗ್ಗೆ ಜುಟ್ಟಿನ ಪಿಕಳಾರವೊಂದು ಕಲ್ಲಿನ ಮೇಲೆ ಇಳಿದು, ಅತ್ತಿತ್ತ ನೋಡಿ, ಮೊದಲು ಕೊಕ್ಕು ಅದ್ದಿ, ಆಮೇಲೆ ಎದೆಯನ್ನಷ್ಟೇ ತೋಯಿಸಿ, ಕೊನೆಗೆ ಧೈರ್ಯ ಬಂದು ರೆಕ್ಕೆಗಳೆರಡನ್ನೂ ಬಡಿದ ಬಡಿತಕ್ಕೆ ಅರ್ಧ ತಟ್ಟೆ ನೀರು ತಾರಸಿಯ ಪಾಲಾಯಿತು. ತೊಯ್ದ ಜುಟ್ಟು ತಲೆಗೆ ಅಂಟಿಕೊಂಡಾಗ ಅದನ್ನು ಪಿಕಳಾರವೆಂದು ಗುರುತಿಸುವುದೂ ಕಷ್ಟ. ಪಕ್ಕದಲ್ಲಿದ್ದ ದಾಸವಾಳದ ಕುಂಡಕ್ಕೆ ಹಾರಿ ಹತ್ತು ನಿಮಿಷ ಗರಿ ತೀಡಿಕೊಂಡಿತು. ತಟ್ಟೆಯ ಹತ್ತಿರ ಹೀಗೊಂದು ಗಿಡವಿರುವುದು ಅಗತ್ಯ, ಏಕೆಂದರೆ ಒದ್ದೆ ರೆಕ್ಕೆಯ ಹಕ್ಕಿ ದೂರ ಹಾರಲಾರದು. ಆದರೆ ಬೆಕ್ಕು ಅವಿತು ಕೂರುವಷ್ಟು ಒತ್ತಾದ ಗಿಡ ತಟ್ಟೆಗೆ ತಾಗಿರಬಾರದು.

ನೀರಿಗೆ ಇಷ್ಟು ಜಾಗ ಕೊಡುತ್ತಿರುವುದಕ್ಕೆ ಕಾರಣವಿದೆ. ಕಾಳು ಇಟ್ಟರೆ ಕಾಳು ತಿನ್ನುವ ಹಕ್ಕಿಗಳು ಮಾತ್ರ ಬರುತ್ತವೆ. ಹಣ್ಣು ತಿನ್ನುವ ಕುಟ್ರುಹಕ್ಕಿ, ಹುಳು ಹಿಡಿಯುವ ಮಡಿವಾಳ ಮತ್ತು ಟುವ್ವಿಹಕ್ಕಿ, ಹೂವಿನ ಮಕರಂದ ಹೀರುವ ಸೂರಕ್ಕಿ, ಇವುಗಳಿಗೆ ನಮ್ಮ ಧಾನ್ಯದಿಂದ ಆಗಬೇಕಾದ್ದು ಏನೂ ಇಲ್ಲ. ನೀರು ಮಾತ್ರ ಎಲ್ಲಕ್ಕೂ ಬೇಕು. ಏಪ್ರಿಲ್ ತಿಂಗಳಲ್ಲಿ ಕುಟ್ರುಹಕ್ಕಿಯನ್ನುಳಿದು ಇವೆಲ್ಲವೂ, ಜೊತೆಗೆ ಗೊರವಂಕ ಮತ್ತು ಕಾಗೆಗಳೂ, ಈ 150 ರೂಪಾಯಿಯ ತಟ್ಟೆಗೆ ಬಂದು ಹೋಗಿವೆ.

ತಟ್ಟೆ ಕೆಲಸ ಬೇಡುತ್ತದೆ ಎಂಬುದನ್ನು ಮುಚ್ಚಿಡಬಾರದು. ನಾಲ್ಕು ದಿನ ಬಿಟ್ಟರೆ ಪಾಚಿ ಕಟ್ಟುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸೊಳ್ಳೆ: ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ನಮ್ಮ ಬೇಸಿಗೆಯಲ್ಲಿ ವಾರ, ಹತ್ತು ದಿನಗಳಲ್ಲಿ ರೆಕ್ಕೆ ಬಲಿತ ಸೊಳ್ಳೆಯಾಗುತ್ತದೆ, ಮತ್ತು ಆ ಮೊಟ್ಟೆಗಳು ನೀರಿನ ಅಂಚಿನಲ್ಲಿ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಇರುತ್ತವೆ. ಆದ್ದರಿಂದ ನೀರು ಚೆಲ್ಲಿ ಹೊಸ ನೀರು ತುಂಬಿದರೆ ಸಾಲದು. ನಾನು ದಿನವೂ ನೀರು ಬದಲಿಸಿ, ಎರಡು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಅಂಚಿನವರೆಗೂ ಉಜ್ಜುತ್ತೇನೆ. ರಂಧ್ರವಿರುವ ಮಣ್ಣು ಹೀರಿಕೊಂಡುಬಿಡುವುದರಿಂದ ಸೋಪು ಹಾಕುವುದಿಲ್ಲ. ಇಷ್ಟು ಮಾಡಲು ಪುರಸೊತ್ತಿಲ್ಲದವರು ತಟ್ಟೆ ಕೊಳ್ಳದಿರುವುದೇ ಒಳ್ಳೆಯದು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಅದನ್ನು ಮಗುಚಿ ಹಾಕಿದರೆ ಆಯಿತು, ಮಲೆನಾಡಿನ ಹಕ್ಕಿಗೆ ಆಗ ನೀರಿನ ಬರವಿಲ್ಲ.

ಇನ್ನು ಕೊಳವೆಯ ವಿಷಯ. 'ಅಳಿಲು ನಿರೋಧಕ' ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅಳಿಲು ಎರಡನೆಯ ದಿನವೇ ತಂತಿಯ ಮೇಲಿನಿಂದ ತಲೆಕೆಳಗಾಗಿ ಇಳಿದು, ಹದಿನೈದು ದಿನಗಳಲ್ಲಿ ಕಾಳು ಬೀಳುವ ಕಿಂಡಿಯನ್ನು ಹಲ್ಲಿನಿಂದ ಕೊರೆದು ತನಗೆ ಬೇಕಾದಷ್ಟು ಅಗಲ ಮಾಡಿಕೊಂಡಿತು. ಉಚಿತ ಮಿಶ್ರಣದಲ್ಲಿ ಮುಕ್ಕಾಲು ಪಾಲು ಸೂರ್ಯಕಾಂತಿ ಬೀಜವೇ ಇತ್ತು. ನಮ್ಮ ಗುಬ್ಬಿಗಳು ಅದರಲ್ಲಿದ್ದ ನವಣೆಯನ್ನು ಹೆಕ್ಕಿಕೊಂಡು ಉಳಿದದ್ದನ್ನು ಕೆಳಗೆ ಚೆಲ್ಲಿದವು, ಚೆಲ್ಲಿದ್ದಕ್ಕೆ ಪಾರಿವಾಳಗಳು ಬಂದವು. ಮೊದಲು ಎರಡು, ತಿಂಗಳೊಳಗೆ ಇಪ್ಪತ್ತಕ್ಕೂ ಮೇಲೆ. ಕೆಳಗಿನ ಮನೆಯ ಅಜ್ಜಿ ಹಪ್ಪಳ ಒಣಗಿಸಲು ಮೇಲೆ ಬಂದವರು ಹಿಕ್ಕೆ ಬಿದ್ದ ನೆಲ ನೋಡಿ, "ಹಕ್ಕಿಗೆ ನೀರಿಡೋದು ಬೇಡ ಅನ್ನಲ್ಲ ಮಾರಾಯ್ತಿ, ಈ ಪಾರಿವಾಳದ ಜಾತ್ರೆ ಒಂದು ನಿಲ್ಲಿಸು" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ತೊಂದರೆ ಕೊಡುವಂಥದ್ದು, ಅವರಿಗೆ ಮೊದಲೇ ಉಬ್ಬಸವಿದೆ.

ಇದೆಲ್ಲವನ್ನೂ ಸಹಿಸಬಹುದಿತ್ತೇನೋ, ಆದರೆ ಜುಲೈ ತಿಂಗಳ ಜಡಿಮಳೆಗೆ ಕೊಳವೆಯ ತಳದ ಸಣ್ಣ ತೂತುಗಳು ಕಟ್ಟಿಕೊಂಡು, ಒಳಗಿನ ಕಾಳು ಊದಿ, ಬೂಷ್ಟು ಹಿಡಿದು ಗಟ್ಟಿ ಮುದ್ದೆಯಾಯಿತು. ಅದನ್ನು ಹೊರತೆಗೆಯಲು ತಳ ಬಿಚ್ಚಲು ಬರುವುದಿಲ್ಲ, ಅಂಟಿಸಿದ್ದಾರೆ. ಬೂಷ್ಟು ಹಿಡಿದ ಕಾಳು ಹಕ್ಕಿಗೆ ವಿಷ. ಮಲೆನಾಡಿನ ಮಳೆಯನ್ನು ಒಮ್ಮೆಯೂ ನೋಡದವರು ಮಾಡಿದ ವಸ್ತು ಇದು. ಬದಲಿಸಿಕೊಡಿ ಎಂದು ಬರೆದದ್ದಕ್ಕೆ ಹತ್ತು ದಿನಗಳ ಅವಧಿ ಮೀರಿದೆ ಎಂಬ ಸಿದ್ಧ ಉತ್ತರ ಬಂತು.

ಈಗ ಕೊಳವೆಯ ಜಾಗದಲ್ಲಿ, ಮಳೆ ಎರಚದ ಸೂರಿನಡಿ, ಊರಿನಿಂದ ತಂದ ಭತ್ತದ ಕದಿರಿನ ಒಂದು ಕಟ್ಟು ತೂಗುತ್ತಿದೆ. ನಮ್ಮ ಹಳ್ಳಿಮನೆಗಳ ಬಾಗಿಲಿಗೆ ಕಟ್ಟುತ್ತಿದ್ದದ್ದೇ. ಗುಬ್ಬಿ, ರಾಟವಾಳಗಳು ತೆನೆಗೇ ಜೋತುಬಿದ್ದು ಕಾಳು ಬಿಡಿಸುತ್ತವೆ. ದಪ್ಪ ಮೈಯ ಪಾರಿವಾಳಕ್ಕೆ ಅಲ್ಲಿ ಕಾಲೂರಲು ಆಗುವುದಿಲ್ಲ, ನೆಲಕ್ಕೆ ಬೀಳುವುದು ಬರೀ ಹೊಟ್ಟು. ಮರಿಗಳಿಗೆ ಮಾತ್ರ ಗುಬ್ಬಿಗಳು ಹುಳುಗಳನ್ನೇ ಉಣಿಸುತ್ತವೆ, ಅದಕ್ಕಾಗಿ ಕುಂಡದ ಗಿಡಗಳಿಗೆ ಔಷಧ ಹೊಡೆಯುವುದನ್ನು ನಿಲ್ಲಿಸಿದ್ದೇನೆ.

ಹೋದ ವಾರ ತಾರಸಿಯ ಇನ್ನೊಂದು ಮೂಲೆಗೆಂದು ಅದೇ ಅಂಗಡಿಯಿಂದ ಎರಡನೆಯ ತಟ್ಟೆ ತಂದೆ. ಬೆಲೆ 180 ಆಗಿದೆ. ಕಡಿಮೆ ಆಳದ್ದು ಇದೆಯೇ ಎಂದು ಕೇಳಿದ್ದಕ್ಕೆ, ದೋಸೆ ಕಾವಲಿಯಂತೆ ಚಪ್ಪಟೆಯಾದ ಒಂದನ್ನು ಹಿಂದಿನಿಂದ ತೆಗೆದುಕೊಟ್ಟರು. ಅದಕ್ಕೆ ಕಲ್ಲು ಬೇಕಾಗಲಿಲ್ಲ.