ಪಿಸ್ತೂಲಿನ ಟಾರ್ಚಿಗೆ ಹಿಡಿಯುವ ಮಸಿ: ಲಿಪ್ ಬಾಮ್, ರಬ್ಬರ್, ದ್ರಾವಕ

ಪಿಸ್ತೂಲಿನ ನಳಿಗೆಯ ಕೆಳಗೆ ಕೂರಿಸುವ ಟಾರ್ಚಿನ ಮಸಿ ತೆಗೆಯಲು ನಾನು ಮೂರು ವಿಧಾನಗಳನ್ನು ಬಳಸಿ ನೋಡಿದ್ದೇನೆ. ಅವುಗಳಲ್ಲಿ ಇಂದಿಗೂ ಬಿಡದೆ ಅನುಸರಿಸುತ್ತಿರುವುದು, ಗುಂಡು ಹಾರಿಸುವ ಮೊದಲೇ ಗಾಜಿಗೆ ಲಿಪ್ ಬಾಮ್ ಸವರುವ ವಿಧಾನವನ್ನು ಮಾತ್ರ. ಕೊಡಗಿನವನಾದ ನಾನು ಈಗ ಟೆಕ್ಸಾಸಿನಲ್ಲಿದ್ದೇನೆ. ತಿಂಗಳಿಗೊಮ್ಮೆ ರೇಂಜಿಗೆ, ಅಂದರೆ ಗುರಿ ಅಭ್ಯಾಸದ ಮೈದಾನಕ್ಕೆ, ಹೋದರೆ 150 ಗುಂಡುಗಳಾದರೂ ಖರ್ಚಾಗುತ್ತವೆ. ನಳಿಗೆಯ ಬಾಯಿಂದ ಹೊಮ್ಮುವ ಬಿಸಿ ಅನಿಲ ಟಾರ್ಚಿನ ಮುಖಕ್ಕೇ ಬಡಿಯುವುದರಿಂದ, ಮನೆಗೆ ಮರಳುವಷ್ಟರಲ್ಲಿ ಅದು ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಕಪ್ಪಾಗಿರುತ್ತದೆ.

ನನ್ನ ಮೊದಲ ಟಾರ್ಚನ್ನು ಕೆಡಿಸಿದ್ದು ದ್ರಾವಕ. ಬಂದೂಕಿನ ಲೋಹದ ಭಾಗಗಳಿಗೆಂದು ಮಾರುವ, ಮಸಿ ಕರಗಿಸುವ ಸ್ಪ್ರೇ ಒಂದನ್ನು ಹತ್ತಿಕಡ್ಡಿಗೆ ಹಾಕಿಕೊಂಡು ಒರೆಸಿದೆ. ಒಂದೇ ನಿಮಿಷದಲ್ಲಿ ಮಸಿಯೆಲ್ಲ ಹೋಗಿದ್ದನ್ನು ಕಂಡು ಬಹಳ ಸಂತೋಷಪಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ಅಂಚಿನ ಸುತ್ತ ಕೂದಲೆಳೆಯಂಥ ಬಿರುಕುಗಳಿದ್ದವು, ನಡುವೆ ಹಾಲಿನ ಕೆನೆಯಂಥ ಮಬ್ಬು ಕವಿದಿತ್ತು. ಎಣ್ಣೆಯ ಜಿಡ್ಡು ಉಳಿದಿರಬೇಕೆಂದು ಭಾವಿಸಿ ಸೋಪಿನ ನೀರಿನಲ್ಲಿ ಒರೆಸಿದೆ, ಆಮೇಲೆ ಮೆತ್ತನೆಯ ಬಟ್ಟೆಯಿಂದ ಮತ್ತೆ ಮತ್ತೆ ಉಜ್ಜಿದೆ. ಮಬ್ಬು ಕದಲಲಿಲ್ಲ. ರಾತ್ರಿ ದೀಪ ಆರಿಸಿ ಗೋಡೆಗೆ ಬೆಳಕು ಬಿಟ್ಟಾಗ, ಮೊದಲು ನಡುವೆ ಒತ್ತಾಗಿ ಬೀಳುತ್ತಿದ್ದ ಬೆಳಕು ಮಂಜಿನೊಳಗಿನ ಚಂದ್ರನಂತೆ ಸುತ್ತಲೂ ಹರಡಿಕೊಂಡಿತ್ತು.

ಕಾರಣ ತಿಳಿದದ್ದು ಆಮೇಲೆ. ನಾನು ಗಾಜೆಂದುಕೊಂಡಿದ್ದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅಸಿಟೋನಿನಂಥ ಕಟು ದ್ರಾವಕಗಳು ತಾಗಿದರೆ ಅದು ಹೀಗೆಯೇ ಬಿರಿದು ಮಂಕಾಗುತ್ತದೆ. ಪ್ಲಾಸ್ಟಿಕ್ಕಿಗೆ ತಾಗಿಸಬಾರದೆಂಬ ಎಚ್ಚರಿಕೆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿತ್ತು, ನಾನು ಓದಿರಲಿಲ್ಲ. ಮುಂಭಾಗವಷ್ಟೇ ಬಿಡಿಯಾಗಿ ಸಿಗದ ಮಾದರಿಯಾಗಿದ್ದರಿಂದ ಸುಮಾರು 130 ಡಾಲರ್ ಕೊಟ್ಟು ಇನ್ನೊಂದು ಟಾರ್ಚನ್ನೇ ಕೊಳ್ಳಬೇಕಾಯಿತು. ಈ ಬಾರಿ ನಿಜವಾದ ಗಾಜಿರುವುದನ್ನು ಕೇಳಿ ಖಚಿತಪಡಿಸಿಕೊಂಡು ಕೊಂಡೆ.

ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್ ಗಾಜಿನ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅದಕ್ಕೆ ಖರ್ಚೂ ಇಲ್ಲ. ಆದರೆ ಅಂಚಿನ ಮೂಲೆಗೆ ಅದು ತಲುಪದೆ ಅಲ್ಲಿ ಮಸಿಯ ಉಂಗುರ ಉಳಿಯುತ್ತದೆ. ಮಸಿ ಗಟ್ಟಿಯಾಗಿದ್ದರೆ ಬಹಳ ಹೊತ್ತು ಉಜ್ಜಬೇಕು. ಶಾಯಿ ಅಳಿಸುವ ಒರಟು ರಬ್ಬರನ್ನಂತೂ ಹತ್ತಿರಕ್ಕೂ ತರಬಾರದು, ಗೀರು ಬೀಳುತ್ತದೆ.

ಲಿಪ್ ಬಾಮಿನ ಗುಣವೇನೆಂದರೆ, ಮಸಿ ಗಾಜಿಗೆ ಅಂಟದೆ ಮೇಣದ ಪದರದ ಮೇಲೆ ಕೂರುತ್ತದೆ. ರೇಂಜಿಗೆ ಹೊರಡುವ ಮೊದಲು ಮ್ಯಾಗಜಿನ್ (ಗುಂಡುಗಳ ಪೆಟ್ಟಿಗೆ) ತೆಗೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಟಾರ್ಚನ್ನು ಪಿಸ್ತೂಲಿನಿಂದ ಬಿಚ್ಚಿದ ಮೇಲೆಯೇ ತೆಳುವಾಗಿ ಸವರುತ್ತೇನೆ. ಮರಳಿ ಬಂದ ಮೇಲೆ ಒಣ ಬಟ್ಟೆಯ ಎರಡು ಸುತ್ತಿಗೆ ಮಸಿಯೂ ಮೇಣವೂ ಒಟ್ಟಿಗೆ ಬರುತ್ತವೆ. ದಪ್ಪವಾಗಿ ಸವರಿದರೆ ಬೆಳಕು ಚದುರುತ್ತದೆ, ಹೆಚ್ಚು ಹೊತ್ತು ಉರಿಸಿದರೆ ಮೇಣ ಕರಗಿ ಅಂಚಿಗೆ ಇಳಿಯುತ್ತದೆ, ಬಟ್ಟೆಯ ನೂಲು ಅಂಟುವುದೂ ಉಂಟು. ಆದ್ದರಿಂದ ರಾತ್ರಿ ಮನೆಯ ರಕ್ಷಣೆಗೆಂದು ಇಡುವಾಗ ಗಾಜನ್ನು ಪೂರ್ತಿ ಒರೆಸಿಯೇ ಇಡುತ್ತೇನೆ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ರೇಂಜಿಗೆ ಹೋಗುವವರಿಗೆ ಇಷ್ಟೆಲ್ಲ ಬೇಕಾಗಿಲ್ಲ, ಗಾಜಿನ ಟಾರ್ಚಾದರೆ ಬಿಳಿ ರಬ್ಬರೇ ಸಾಕು.

ಯಾವ ವಿಧಾನವಾದರೂ ಕೈಗವಸು ಹಾಕಿಕೊಳ್ಳಬೇಕು, ಮುಗಿದ ಮೇಲೆ ಕೈ ತೊಳೆಯಬೇಕು. ಆ ಮಸಿಯಲ್ಲಿ ಸೀಸವಿರುತ್ತದೆ. ಸೆಲ್ ಕೂರುವ ಲೋಹದ ತುದಿಗಳಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿ ಸಾಕು. 3 ವೋಲ್ಟಿನ ಸಿಆರ್123ಎ ಲಿಥಿಯಂ ಸೆಲ್‌ಗಳನ್ನು ಪ್ರತಿ ವರ್ಷ ಸೆಪ್ಟೆಂಬರ್ 3ರಂದು, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿಗೆ ಪಿಸ್ತೂಲನ್ನು ದೇವರ ಮುಂದಿಡುವ ಮೊದಲು ಬದಲಿಸುತ್ತೇನೆ. ತೆಗೆದ ಹಳೆಯ ಸೆಲ್‌ಗಳು ಅದೇ ಅಳತೆಯ ಕೈಟಾರ್ಚಿಗೆ ಹೋಗುತ್ತವೆ.