ನೈಟ್ರೇಟ್ ಇಳಿಸಲು ಕೀಟೋ ಪಾಚಿಯೋ, ವಿನೆಗರೋ?

ಹವಳ, ಮೀನು ಸಾಕುವ ಉಪ್ಪುನೀರಿನ ತೊಟ್ಟಿಯ ಕಲ್ಲುಗಳಿಗೆ ಹಸಿರು ಎಳೆಪಾಚಿ ಹತ್ತಿಕೊಂಡು, ಮೀನಿನ ತ್ಯಾಜ್ಯದಿಂದ ನೀರಿನಲ್ಲಿ ಕೂಡುವ ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟಿದಾಗ ಎದುರಿಗಿರುವ ದಾರಿಗಳಲ್ಲಿ ಮೊದಲನೆಯದು, ತೊಟ್ಟಿಯ ಕೆಳಗಿನ ಸಂಪ್‌ನಲ್ಲಿ (ತೊಟ್ಟಿಯ ನೀರು ಹರಿದು ಬಂದು ಹಿಂದಿರುಗುವ ಚಿಕ್ಕ ತೊಟ್ಟಿ) ಕೀಟೋಮಾರ್ಫಾ (ಕೀಟೋ) ಪಾಚಿಯನ್ನು ಬೆಳೆಸುವುದು. ಅದು ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಹೀರಿ ಬೆಳೆಯುತ್ತದೆ. ಬೆಳೆದದ್ದನ್ನು ಹಿಡಿಹಿಡಿಯಾಗಿ ಕಿತ್ತು ತೆಗೆದಾಗಲೇ ಅವು ನಿಜವಾಗಿ ಹೊರಹೋಗುವುದು. ಅದರ ದೀಪವನ್ನು ರಾತ್ರಿ ಹೊತ್ತು ಉರಿಸಿದರೆ, ಕತ್ತಲಲ್ಲಿ ಇಳಿಯುವ ಪಿಎಚ್ ಕೂಡ ತಕ್ಕಮಟ್ಟಿಗೆ ಸ್ಥಿರವಾಗುತ್ತದೆ.

ಎರಡನೆಯದು, ನೀರಿಗೆ ವಿನೆಗರ್ ಹನಿಸುವ ಕ್ರಮ. ಅದಕ್ಕೆ ಜಾಗ ಬೇಡ, ಖರ್ಚೂ ಕಡಿಮೆ. ಆದರೆ ವಿನೆಗರನ್ನುಂಡು ಹೆಚ್ಚುತ್ತಾ ನೈಟ್ರೇಟನ್ನು ಹೀರುವ ಬ್ಯಾಕ್ಟೀರಿಯಾಗಳನ್ನು ಹೊರತೆಗೆಯಲು ಒಳ್ಳೆಯ ಪ್ರೋಟೀನ್ ಸ್ಕಿಮ್ಮರ್ (ಗಾಳಿಗುಳ್ಳೆಗಳ ನೊರೆಯಲ್ಲಿ ಕಲ್ಮಶವನ್ನು ತೆಗೆಯುವ ಸಾಧನ) ಇರಲೇಬೇಕು. ಅಳತೆ ಮೀರಿದರೆ ನೀರು ಬೆಳ್ಳಗೆ ಮಸುಕಾಗಿ, ಆಮ್ಲಜನಕ ಕುಸಿದು ಮೀನುಗಳು ಸಾಯಬಹುದು. ಸಂಪ್‌ಗೆ ಜಾಗವಿದ್ದವರು ಕೀಟೋವನ್ನೇ ಆರಿಸಿಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವ ಕ್ರಮವಾದರೂ ನೈಟ್ರೇಟನ್ನು ಪೂರ್ತಿ ಸೊನ್ನೆಗೆ ಇಳಿಸಬಾರದು, ಹವಳಗಳಿಗೂ ಅದು ಸ್ವಲ್ಪ ಬೇಕು.